ಟೊಳ್ಳು ಮರ ತಟ್ಟಿದವನು

ಹಲ್ಲುನೋವಿಗೆ ಕೆನ್ನೆ ಊದಿಸಿಕೊಂಡ ಹೊಲಿಗೆಯಾಕೆ ಡಾಕ್ಟರ ಬಾಗಿಲಲ್ಲಿ ಕಾಯುತ್ತಿದ್ದಳು. ಬಾಯಿ ತೆರೆಯಲಾಗದವಳಿಗೆ ಕಿವಿಯೇ ಗತಿ. ಪಕ್ಕದಲ್ಲಿ, ಕಡಿಯಬೇಕಾದ ಮರಗಳಿಗೆ ಗುರುತು ಹಾಕುವವನೂ ಅವನ ಭಾಮೈದನೂ ಕೂತಿದ್ದರು.

“ಹತ್ತಕ್ಕೊಂದು ಮರ ಕಡಿದ್ರೆ ಕಾಡಿಗೇನಾಗುತ್ತೆ, ಭಾವ?”

“ಆ ಒಂದು ಟೊಳ್ಳು ಮರಾನೇ ಆಗ್ಬೇಕಂತ ಆರ್ಡರ್. ಹಕ್ಕಿ, ಅಳಿಲು ಇರೋದೂ ಅದರೊಳಗೇ.”

“ಟೊಳ್ಳು ಅಂತ ಹೇಗೆ ಗೊತ್ತಾಗುತ್ತೆ?”

“ಕೊಡಲಿ ಹಿಂಬದಿಯಿಂದ ತಟ್ಟಿ ನೋಡೋದು. ನಿನ್ನೆ ಹಾಗೆ ತಟ್ಟಿದ್ರೆ, ಒಳಗಿಂದ ಯಾರೋ ತಿರುಗಿ ತಟ್ಟಿದ್ರು, ಮಾರಾಯ.”

“ಯಾರು?”

“ಗೂಡಿನ ಬಾಯಿ ಮುಚ್ಕೊಂಡು ಮೊಟ್ಟೆ ಮೇಲೆ ಕೂತ ಹೆಣ್ಣು ಹಕ್ಕಿ. ಗಂಡು ಹಣ್ಣು ತಂತು ಅಂದ್ಕೊಂಡು ಕೊಕ್ಕಲ್ಲಿ ಕುಟ್ಟಿತ್ತು.”

“ಮರ ಬಿಟ್ರಿ ತಾನೆ?”

“ಬಿಡೋಕೆ ನಾನ್ಯಾರು? ಕೆಂಪು ಬಳಿದೆ.”

ಅವರ ಸರದಿ ಬಂತು. ಬಾಗಿಲು ತಟ್ಟಲು ಎತ್ತಿದ ಕೈಯನ್ನು ಭಾವ ಹಾಗೇ ಇಳಿಸಿ, ಭುಜದಿಂದ ತಳ್ಳಿಕೊಂಡು ಒಳಗೆ ಹೋದ.