ಹೊಸ್ತಿಲು ದಾಟದ ಹುಡುಗಿ

ಒಂದು ಬಯಲಿತ್ತು. ಊರಲ್ಲ, ಬರೀ ಬಯಲು. ಅಮೆರಿಕದ ನಡುಭಾಗದಲ್ಲಿ, ನೂರನಲವತ್ತು ವರ್ಷಗಳ ಹಿಂದೆ. ಅಮೆರಿಕ ಎಂದ ಕೂಡಲೇ ಎತ್ತರದ ಕಟ್ಟಡಗಳನ್ನು ನೆನೆಸಿಕೊಳ್ಳಬೇಡಿ. ಕೆಳಗೆ ಎದೆಮಟ್ಟದ ಹುಲ್ಲು, ಮೇಲೆ ಆಕಾಶ, ಅಷ್ಟೇ. ಹಲ್ಲು ಚುಚ್ಚಿಕೊಳ್ಳಲು ಕಡ್ಡಿ ಬೇಕೆಂದರೂ ಒಂದು ಮರವಿಲ್ಲ. ದೂರದ ದೇಶಗಳಿಂದ ಹಡಗು ಹತ್ತಿ ಬಂದ ಬಡವರು ಅಲ್ಲಿ ಹುಲ್ಲಿನ ಬೇರು ಹೆಣೆದ ಮಣ್ಣಿನ ಹೆಂಟೆಗಳನ್ನೇ ಇಟ್ಟಿಗೆಯಂತೆ ಕತ್ತರಿಸಿ ಮನೆ ಕಟ್ಟಿಕೊಂಡರು.

ಅಂಥ ಎರಡು ಮನೆಗಳು. ಒಂದು ನಾರ್ವೆಯಿಂದ ಬಂದವರದು, ಅವರ ಮಗಳು ಸಿಗ್ರಿ. ಇನ್ನೊಂದು ರಷ್ಯಾದಿಂದ ಬಂದ ಜರ್ಮನ್ ಮಾತಿನವರದು, ಅವರ ಮಗಳು ಲಿಡಿಯಾ. ಇಬ್ಬರಿಗೂ ಎಂಟು ವರ್ಷ. ಶಾಲೆಯಲ್ಲಿ ಒಂದೇ ಬೆಂಚು, ಒಂದೇ ಸ್ಲೇಟು. ಇವಳ ಜಡೆ ಅವಳು ಹೆಣೆಯುವುದು, ಅವಳ ಜಡೆ ಇವಳು. ದೊಡ್ಡವರಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದು. ಮಕ್ಕಳು ಮಾತ್ರ ಶಾಲೆಯಲ್ಲಿ ಕಲಿತ ಅರೆಬರೆ ಇಂಗ್ಲಿಷಿನಲ್ಲಿ ದಿನವಿಡೀ ಹರಟುತ್ತಿದ್ದರು.

ಲಿಡಿಯಾಳ ಮನೆಯವರು ಸಗಣಿಗೆ ಒಣಹುಲ್ಲು ಬೆರೆಸಿ, ತುಳಿದು, ಕೊಯ್ದು, ಒಣಗಿಸಿ ಒಲೆಗೆ ಹಾಕುತ್ತಿದ್ದರು. ನಮ್ಮ ಬೆರಣಿಯೇ, ನೋಡಿ. ಇದರಲ್ಲೇನಿದೆ ಎಂದು ನೀವು ನಗುತ್ತೀರಿ. ಆದರೆ ಸಿಗ್ರಿಯ ತಾಯಿಗೆ ಅದನ್ನು ಕಂಡರೆ ಹೇಸಿಗೆ. ಅವಳು ರೈಲಿನಲ್ಲಿ ಬರುವ ಕಲ್ಲಿದ್ದಲು ಉರಿಸುವವಳು. ಕೆಟ್ಟವಳೇನಲ್ಲ. ದೇವರಿಗೆ ಹೆದರುವವಳು, ಮಣ್ಣಿನ ನೆಲವನ್ನೂ ದಿನಕ್ಕೆ ಮೂರು ಸಲ ಗುಡಿಸುವವಳು. ಒಂದು ದಿನ ಮಗಳನ್ನು ಎದುರಿಗೆ ಕೂರಿಸಿಕೊಂಡು ಹೇಳಿದಳು:

"ಅವಳ ಜೊತೆ ಆಡು, ಬೇಡ ಅನ್ನಲ್ಲ. ಆದ್ರೆ ಆ ಮನೆ ಹೊಸ್ತಿಲು ತುಳೀಬೇಡ. ಸಗಣಿ ಒಲೆ ಮೇಲೆ ಬೇಯಿಸಿದ್ದನ್ನ ಬಾಯಿಗೆ ಇಡಬೇಡ. ನನ್ನ ಮೇಲೆ ಆಣೆ ಮಾಡು."

ಮಗು ಆಣೆ ಮಾಡಿತು. ಅಂದಿನಿಂದ ಲಿಡಿಯಾ ತನ್ನ ರೊಟ್ಟಿ ಮುರಿದು ಕೊಟ್ಟರೆ, ನನಗೆ ಹಸಿವಿಲ್ಲ ಎನ್ನುತ್ತಿತ್ತು. ಹೊಟ್ಟೆ ಚುರುಗುಟ್ಟುತ್ತಿದ್ದರೂ ಹಸಿವಿಲ್ಲ! ಎಂಟು ವರ್ಷದ ಕೂಸಿಗೆ ಈ ಸುಳ್ಳು ಕಲಿಸಿದವರು ಯಾರು? ಉತ್ತರ ನಾನು ಹೇಳಬೇಕೇ?

ಚಳಿಗಾಲದ ಒಂದು ಮಧ್ಯಾಹ್ನ. ಶಾಲೆ ಬಿಟ್ಟು ಬರುವಾಗ ಹಿಮಗಾಳಿ ಎದ್ದಿತು. ಚಾಚಿದ ಕೈ ಕಾಣದು. ಇಬ್ಬರೂ ದಾರಿಬದಿಯ ತಂತಿಬೇಲಿಯನ್ನು ತಡವುತ್ತ ತಡವುತ್ತ ಲಿಡಿಯಾಳ ಮನೆ ಬಾಗಿಲಿಗೆ ಬಂದರು. ಸಿಗ್ರಿಯ ಮನೆ ಇನ್ನೂ ಒಂದು ಮೈಲಿ ಆಚೆ. ಲಿಡಿಯಾಳ ತಂದೆತಾಯಿ ದನ ಕಟ್ಟಲು ಹಿಂದಿನ ಕೊಟ್ಟಿಗೆಗೆ ಹೋಗಿದ್ದರು. ಒಳಗೆ ಒಲೆ ಉರಿಯುತ್ತಿತ್ತು. ಲಿಡಿಯಾ ಕೈ ಹಿಡಿದು ಎಳೆದಳು.

ಸಿಗ್ರಿ ಒಳಗೆ ಹೋಗಲಿಲ್ಲ. ಗಾಳಿ ನಿಲ್ಲುವ ತನಕ ಇಲ್ಲೇ ಇರುತ್ತೇನೆ ಎಂದು ಗೋಡೆಗೆ ಒರಗಿ ಕುಳಿತುಬಿಟ್ಟಳು. ತಾಯಿಯ ಮೇಲೆ ಆಣೆ ಮಾಡಿದ್ದಳಲ್ಲ! ಲಿಡಿಯಾ ಬೇಡಿಕೊಂಡಳು, ಅತ್ತಳು, ಬೈದಳು. ಕೊನೆಗೆ ಏನು ಮಾಡಿದಳು ಗೊತ್ತೇ? ತಾನೂ ಹೊರಗೇ ಕುಳಿತಳು. ತನ್ನ ಕೈಗವಸು ಬಿಚ್ಚಿ ಗೆಳತಿಯ ಕೈಗೆ ಹಾಕಿ, ತನ್ನ ಶಾಲನ್ನು ಅವಳಿಗೂ ಹೊದಿಸಿ, ಅಪ್ಪಿಕೊಂಡು ಕುಳಿತಳು.

ತಂದೆತಾಯಿ ದಾರಿ ತಪ್ಪದಿರಲೆಂದು ಮನೆಗೂ ಕೊಟ್ಟಿಗೆಗೂ ಕಟ್ಟಿದ್ದ ಹಗ್ಗ ಹಿಡಿದು ಮರಳುವಷ್ಟರಲ್ಲಿ ಇಬ್ಬರಿಗೂ ಮಾತು ನಿಂತಿತ್ತು. ಎತ್ತಿಕೊಂಡು ಒಳಗೆ ತಂದರು.

ಮರುದಿನ ಗಾಳಿ ನಿಂತಿತು. ಮಗಳ ಹೆಣವಾದರೂ ಸಿಗಲಿ ಎಂದು ಹುಡುಕುತ್ತ ಸಿಗ್ರಿಯ ತಾಯಿ ಆ ಮನೆಗೆ ಬಂದಳು. ಮಗಳು ಒಲೆಯ ಮುಂದೆ ಕಂಬಳಿ ಹೊದ್ದು ಕುಳಿತಿದ್ದಳು. ತಾಯಿಯನ್ನು ಕಂಡು ಮಗುವಿನ ಮುಖ ಅರಳಬೇಕಿತ್ತು. ಅರಳಲಿಲ್ಲ. ಅದು ಹೆದರಿತು.

"ಅಮ್ಮಾ, ನಾನಾಗಿ ಒಳಗೆ ಬರ್ಲಿಲ್ಲ. ಇವರೇ ಎತ್ಕೊಂಡು ಬಂದ್ರು. ನಿನ್ನೆಯಿಂದ ನಾನೇನೂ ತಿಂದಿಲ್ಲಮ್ಮ."

ಸಾವಿನ ಬಾಯಿಂದ ಉಳಿದು ಬಂದ ಮಗು ತಾಯಿಗೆ ಹೇಳುವ ಮಾತೇ ಇದು? ಆ ತಾಯಿ ಮಗಳನ್ನು ಎದೆಗವಚಿಕೊಂಡಳು. ಪಕ್ಕದಲ್ಲಿ ಲಿಡಿಯಾ ಮಲಗಿದ್ದಳು, ಕೈಗೆ ಬಟ್ಟೆ ಸುತ್ತಿತ್ತು. ಎರಡು ಬೆರಳು ಹಿಮಕ್ಕೆ ಕಪ್ಪಾಗಿ ಸತ್ತುಹೋಗಿದ್ದವು. ಲಿಡಿಯಾಳ ತಾಯಿ ಅದೇ ಒಲೆಯ ಮೇಲಿಂದ ಬಿಸಿ ರೊಟ್ಟಿ ತಂದು ಮುಂದಿಟ್ಟಳು. ಸಿಗ್ರಿಯ ತಾಯಿ ಅಳುತ್ತಲೇ ಅದನ್ನು ಮುರಿದು ಮೊದಲು ತಾನು ತಿಂದಳು, ಆಮೇಲೆ ಮಗಳ ಬಾಯಿಗಿಟ್ಟಳು.

ಈಗ ನಿಮ್ಮ ಕಡೆ ತಿರುಗುತ್ತೇನೆ. ಪಕ್ಕದವರ ಮುಖ ನೋಡಬೇಡಿ, ನಿಮಗೇ ಹೇಳುತ್ತಿರುವುದು. ನಮ್ಮಲ್ಲಿ ಹಿಮ ಬೀಳುವುದಿಲ್ಲ, ನಿಜ. ಆದರೆ ಬೆಳಿಗ್ಗೆ ಮಗುವಿನ ಯೂನಿಫಾರ್ಮಿನ ಗುಂಡಿ ಹಾಕುತ್ತ, ಅವರ ಮನೆಯಲ್ಲಿ ನೀರೂ ಕುಡಿಯಬೇಡ ಎಂದು ಹೇಳಿ ಕಳಿಸುವ ತಾಯಂದಿರು ಈ ಸಭೆಯಲ್ಲಿಲ್ಲವೇ? ಅಪ್ಪಂದಿರೇ, ನೀವು ಸುಮ್ಮನೆ ಪೇಪರ್ ಓದುತ್ತಿರುವುದಿಲ್ಲವೇ? ನೀವು ಹೇಳಿ ಮರೆಯುತ್ತೀರಿ. ಮಗು ಮರೆಯುವುದಿಲ್ಲ. ನಿಮ್ಮ ಮೇಲಿನ ಪ್ರೀತಿಗೆ ಅದು ಆ ಮಾತನ್ನು ಪ್ರಾಣ ಹೋಗುವ ತನಕ ಪಾಲಿಸುತ್ತದೆ. ಬೆರಳು ಮಾತ್ರ ಇನ್ನೊಬ್ಬರ ಮಗುವಿನದು ಹೋಗುತ್ತದೆ.

ಇವತ್ತು ಮನೆಗೆ ಹೋದ ಕೂಡಲೇ ಮಗುವನ್ನು ಹತ್ತಿರ ಕೂರಿಸಿಕೊಳ್ಳಿ. ನಾನು ಹೇಳಿದ್ದು ತಪ್ಪಾಯಿತು ಮಗಾ, ನೀನು ಆ ಮನೆಗೆ ಹೋಗು, ಉಣ್ಣು ಎನ್ನಿ. ಮಗುವಿನ ಮುಂದೆ ತಪ್ಪಾಯಿತು ಎಂದರೆ ನಿಮ್ಮ ದೊಡ್ಡಸ್ತಿಕೆಯೇನೂ ಕರಗುವುದಿಲ್ಲ. ಆ ಗೆಳತಿ ನಿಮ್ಮ ಮನೆಗೆ ಬಂದರೆ ಅಂಗಳದಲ್ಲಿ ನಿಲ್ಲಿಸಬೇಡಿ, ಒಳಗೆ ಕರೆಯಿರಿ. ಅವಳ ತಾಯಿ ಏನಾದರೂ ಮಾಡಿ ಕಳಿಸಿದರೆ, ನಿಮ್ಮ ಮಗು ನೋಡುತ್ತಿರುವಾಗಲೇ, ಮೊದಲ ತುತ್ತು ನೀವು ತಿನ್ನಿ.