ಕಂಬ ತೆಗೆಯುವಾಗ ಕಿವಿಗೊಟ್ಟು ನಿಲ್ಲುವವನು

ಮಾನ್ಯ ಅಧ್ಯಕ್ಷರೇ, ನಮ್ಮ ಗಣಿಯ ಮ್ಯಾನೇಜರ್ ಅವರೇ, ಸೋಮವಾರ ಕಂಬ ತೆಗೆಯಲು ಕೆಳಗಿಳಿಯಲಿರುವ ನಾಲ್ವರೇ, ಅವರ ಮನೆಮಂದಿಯೇ, ಹಿಂದಿನ ಸಾಲಿನಲ್ಲಿ ಆಗಲೇ ಆಕಳಿಸುತ್ತಿರುವವರೂ ಸೇರಿದಂತೆ ಎಲ್ಲ ಸಭಿಕರೇ,

ಐದು ನಿಮಿಷ ಮಾತಾಡಿ, ಕೇಳಿದವರಿಗೆ ಧೈರ್ಯ ಬರಬೇಕು ಎಂದು ಮ್ಯಾನೇಜರ್ ಹೇಳಿದ್ದಾರೆ. ನಾನು ಗಣಿಯ ತರಬೇತಿ ಕೇಂದ್ರದಲ್ಲಿ ಹೊಸಬರಿಗೆ ಪಾಠ ಹೇಳುವವಳು. ನನಗೆ ಹೆದರಿಸಿ ಅಭ್ಯಾಸವೇ ಹೊರತು ಧೈರ್ಯ ತುಂಬಿ ಅಭ್ಯಾಸವಿಲ್ಲ. ಸಾಲದ್ದಕ್ಕೆ ಈ ನಾಲ್ವರಲ್ಲಿ ಒಬ್ಬ ನನ್ನ ಒಡಹುಟ್ಟಿದ ತಮ್ಮ. ಹಾಗಾಗಿ ನನ್ನ ಧ್ವನಿ ನಡುಗಿದರೆ ಮೈಕ್ ಸರಿಯಿಲ್ಲ ಎಂದುಕೊಂಡುಬಿಡಿ.

ಮನೆಯವರಿಗೆ ಕೆಲಸವೇನೆಂದು ಗೊತ್ತಿರಲಿ. ನೆಲದಡಿಯಲ್ಲಿ ಅದಿರನ್ನು ತೆಗೆಯುತ್ತ ಹೋಗುವಾಗ, ತಲೆಯ ಮೇಲಿನ ಬಂಡೆ ಕುಸಿಯದಿರಲೆಂದು ಅಲ್ಲಲ್ಲಿ ಅದಿರನ್ನೇ ಕಂಬವಾಗಿ ಬಿಟ್ಟಿರುತ್ತಾರೆ. ಈಗ ಉಳಿದಿರುವ ಒಳ್ಳೆಯ ಅದಿರೆಲ್ಲ ಆ ಕಂಬಗಳಲ್ಲೇ ಇದೆ. ಅದನ್ನು ತೆಗೆಯಬೇಕು. ಕೂತ ಕೊಂಬೆಯನ್ನೇ ಕಡಿದ ಹಾಗಲ್ಲವೇ ಎಂದು ನೀವು ಕೇಳಬಹುದು. ಹೌದು, ಹಾಗೆಯೇ. ಆದರೆ ಕಡಿಯುವುದಕ್ಕೂ ಒಂದು ಕ್ರಮವಿದೆ. ಮೊದಲು ಕಂಬದ ಎರಡೂ ಪಕ್ಕದ ಖಾಲಿ ಜಾಗಕ್ಕೆ ಮರಳು, ಸಿಮೆಂಟು ಕಲಸಿ ತುಂಬಬೇಕು. ಅದು ಒಣಗಿ ತುಸು ಕುಗ್ಗುತ್ತದೆ, ಮೇಲೆ ಸಂದು ಬೀಳುತ್ತದೆ. ಆ ಸಂದನ್ನೂ ಮತ್ತೆ ತುಂಬಬೇಕು. ತುಂಬಿದ್ದಾರೆ. ಮ್ಯಾನೇಜರ್ ತಾವೇ ಹತ್ತಿ, ಕೈಯಿಟ್ಟು ನೋಡಿ ಬಂದಿದ್ದಾರೆ. ದೂರದ ಕಂಬ ಮೊದಲು, ಹತ್ತಿರದ್ದು ಆಮೇಲೆ. ಹಿಂದೆ ಹಿಂದೆ ಸರಿಯುತ್ತ ಬರಬೇಕು. ಬಿದ್ದ ಅದಿರನ್ನು ಎತ್ತುವ ಯಂತ್ರದಲ್ಲಿ ಆಳಿಲ್ಲ, ದೂರದಿಂದಲೇ ನಡೆಸುತ್ತಾರೆ. ಇದರಲ್ಲಿ ನನ್ನದೊಂದು ತಕರಾರೂ ಇಲ್ಲ.

ಆದರೂ ನನಗೆ ಭಯ. ಯಾಕೆಂದು ಹೇಳುತ್ತೇನೆ.

ಅಲ್ಲಿ ಅಳೆಯುವ ಉಪಕರಣಗಳ ಜೊತೆ ಕೆಲವು ಮರದ ದಿಮ್ಮಿಗಳನ್ನೂ ನಿಲ್ಲಿಸಿರುತ್ತಾರೆ. ಭಾರ ಹೊರಲಿ ಎಂದಲ್ಲ. ಇಡೀ ಬೆಟ್ಟವನ್ನು ದಿಮ್ಮಿ ಹೊತ್ತೀತೇ? ಕಬ್ಬಿಣ ಹೊರುತ್ತದೆ, ಮರ ಹೇಳುತ್ತದೆ ಎಂಬುದು ನಮ್ಮವರ ಮಾತು. ಬಂಡೆ ಒಂದು ಕೂದಲೆಳೆಯಷ್ಟು ಇಳಿದರೂ ಮರ ಚಟಚಟ ಎನ್ನುತ್ತದೆ. ಅದನ್ನು ಕೇಳಲಿಕ್ಕೆಂದೇ ಒಬ್ಬನನ್ನು ನಿಲ್ಲಿಸುತ್ತಾರೆ. ಅವನಿಗೆ ಬೇರೆ ಕೆಲಸವಿಲ್ಲ. ಅವನು ನಿಲ್ಲುವಲ್ಲಿ ಎಡಕ್ಕೊಂದು ದಾರಿ, ಬಲಕ್ಕೊಂದು ದಾರಿ. ಸದ್ದು ಯಾವ ಕಡೆಯಿಂದ ಬಂತೋ ಅದರ ಎದುರು ಕಡೆಗೆ ಅವನು ದೀಪ ಬೀಸುತ್ತಾನೆ. ಮಿಕ್ಕವರು ಯಾಕೆ, ಏನು ಎಂದು ಕೇಳುವ ಹಾಗಿಲ್ಲ. ದೀಪ ಹೋದ ಕಡೆ ಓಡಬೇಕು, ಅಷ್ಟೇ.

ಸೋಮವಾರ ಅಲ್ಲಿ ನಿಲ್ಲುವವನು ನನ್ನ ತಮ್ಮ. ಜೊತೆಯವರು ಇವನನ್ನು ಬೆಕ್ಕಣ್ಣ ಎನ್ನುತ್ತಾರೆ. ಇಟ್ಟ ಹೆಸರು ನನಗೇ ಮರೆತುಹೋಗಿದೆ! ಚಿಕ್ಕಂದಿನಿಂದಲೂ ಇವನ ಕಿವಿ ಅಂಥದ್ದು. ಅಮ್ಮ ತೀರಿಕೊಂಡ ಮೇಲೆ ಇವನನ್ನು ಬೆಳೆಸಿದವಳು ನಾನು. ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಬೀದಿಯಲ್ಲಿ ಆಡುತ್ತಿದ್ದವನು ಬಾಗಿಲಲ್ಲಿ ಹಾಜರು. ನಗಬೇಡಿ, ಇದು ನಿಜ.

ಹೋದ ಚಳಿಗಾಲದಲ್ಲಿ ಇವನಿಗೆ ನೆಗಡಿಯಾಯಿತು. ಬರೀ ನೆಗಡಿ. ಅದು ವಾಸಿಯಾದ ಮೇಲೆ ಫೋನನ್ನು ಎಡಗಿವಿಗೆ ಹಿಡಿಯತೊಡಗಿದ. ಊಟಕ್ಕೆ ಕೂರುವಾಗ ಗೋಡೆ ಬಲಕ್ಕೆ ಬರುವ ಹಾಗೆ ಕುರ್ಚಿ ಬದಲಿಸಿದ. ನಾನು ಗಮನಿಸಲಿಲ್ಲ. ಗಮನಿಸಿದ್ದು ಇವನ ಮಗಳು. ಆರು ವರ್ಷದ ಕೂಸು ನನ್ನ ಬಳಿ ಬಂದು ದೂರು ಹೇಳಿತು: “ಅತ್ತೆ, ಅಪ್ಪಂಗೆ ಈ ಕಿವೀಲಿ ಗುಟ್ಟು ಹೇಳಿದ್ರೆ ಸುಮ್ನೆ ತಲೆ ಆಡಿಸ್ತಾನೆ. ನಾನು ಹಾವು ಬಂತು ಅಂದೆ. ಅದಕ್ಕೂ ನಕ್ಕ.”

ಕ್ಷಮಿಸಿ, ಸ್ವಲ್ಪ ನೀರು ಕುಡಿಯುತ್ತೇನೆ. ಇದನ್ನೆಲ್ಲ ಹೇಳಬೇಕೆಂದು ನಾನು ಬಂದಿರಲಿಲ್ಲ. ಚೀಟಿಯಲ್ಲಿ ಬರೆದುಕೊಂಡದ್ದು ಬೇರೆಯೇ ಇತ್ತು.

ಕಿವಿ ತಪಾಸಣೆಯಲ್ಲಿ ಪಾಸಾಗಿದ್ದಾನಲ್ಲ ಎಂದು ಡಾಕ್ಟರು ನನ್ನನ್ನು ನೋಡುತ್ತಿದ್ದಾರೆ. ಡಾಕ್ಟರೇ, ನಿಮ್ಮ ತಪ್ಪಿಲ್ಲ. ಸದ್ದು ಕೇಳಿಸಿದಾಗ ಬೆರಳೆತ್ತಬೇಕಿತ್ತು; ಗಾಜಿನಾಚೆ ಗುಂಡಿ ಒತ್ತುವವರ ಭುಜ ಅಲುಗಿದಾಗೆಲ್ಲ ಇವನು ಬೆರಳೆತ್ತಿದ. ಕಿವಿ ಪರೀಕ್ಷೆಯನ್ನು ಕಣ್ಣಿನಲ್ಲಿ ಪಾಸು ಮಾಡಿದ ಬೃಹಸ್ಪತಿ! ನಾನು ಕೇಳಿದಾಗ ಇವನೇ ಹೇಳಿದ್ದು. ಹೇಳಿ, ನನ್ನ ಕೈ ಹಿಡಿದುಕೊಂಡ. “ಅಕ್ಕಾ, ಇನ್ನೊಂದು ಕಿವಿ ಚೆನ್ನಾಗೇ ಇದೆಯಲ್ಲ. ನನ್ನನ್ನ ಕೆಳಗಿಳಿಸದೆ ಮೇಲೆ ಕೂರಿಸಿಬಿಟ್ರೆ ನಾನು ಏನು ಅಂತ ಬದುಕಲಿ? ಬಾಯಿ ಬಿಡಬೇಡ.”

ನಾನು ಬಿಡಲಿಲ್ಲ. ಕಂಡವರ ಮಕ್ಕಳಿಗೆಲ್ಲ ಪಾಠ ಹೇಳುವವಳು ಸ್ವಂತ ತಮ್ಮನ ಮುಂದೆ ಮೂಕಿಯಾದೆ. ಒಂದು ಕಿವಿ ಸಾಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮರ ಚಟಚಟ ಎಂದರೆ ಇವನಿಗೆ ಕೇಳಿಸುತ್ತದೆ, ಅದೂ ನಿಜ. ಹಾಗಾದರೆ ಭಯವೇಕೆ? ಬಂಧುಗಳೇ, ಎಲ್ಲಿಂದ ಎಂದು ಹೇಳಲು ಎರಡೂ ಕಿವಿ ಬೇಕು. ಒಂದೇ ಕಿವಿಯವನಿಗೆ ಎಲ್ಲ ಸದ್ದೂ ಆ ಒಂದೇ ಕಡೆಯಿಂದ ಬಂದಂತೆ ಕೇಳುತ್ತದೆ. ಈ ವಾರವೆಲ್ಲ ನನಗೆ ಊಟ ಸೇರಿಲ್ಲ. ಕಣ್ಣು ಮುಚ್ಚಿದರೆ ಆ ದೀಪ ಕಾಣುತ್ತದೆ. ಅದರ ಹಿಂದೆ, ಬಂಡೆ ಕುಸಿಯುವ ಕಡೆಗೇ ಓಡುವ ಮೂವರು ಕಾಣುತ್ತಾರೆ.

ತಮ್ಮಾ, ಪುಟ್ಟಾ, ಹಾಗೆ ಕಣ್ಣು ಬಿಡಬೇಡ. ತಲೆ ಬಗ್ಗಿಸಿ ಕೂರು.

ಅಧ್ಯಕ್ಷರೇ, ಒಂದು ನಿಮಿಷ ಮೈಕನ್ನು ಇಲ್ಲೇ ಇಟ್ಟು ಇವರ ಕುರ್ಚಿಗಳ ಹಿಂದೆ ಹೋಗಿ ಬರುತ್ತೇನೆ.

ನೋಡಿದಿರಾ? ನಾನು ಕರೆದದ್ದು ಇವನ ಬಲ ಹೆಗಲ ಹತ್ತಿರದಿಂದ. ಇವನು ಎಡಕ್ಕೆ ತಿರುಗಿದ. ಅಲ್ಲಿ ಬರೀ ಗೋಡೆ ಇತ್ತು.

ಇನ್ನು ಹೇಳುವುದು ಹೆಚ್ಚಿಲ್ಲ. ಮ್ಯಾನೇಜರ್ ಅವರೇ, ಕೆಲಸ ನಿಲ್ಲಿಸಿ ಎನ್ನುತ್ತಿಲ್ಲ. ಆ ಜಾಗದಲ್ಲಿ ಬೇರೊಬ್ಬನನ್ನು ನಿಲ್ಲಿಸಿ. ಎರಡೂ ಕಿವಿ ಕೇಳುವವನು ಸಿಗುವ ತನಕ ಕಂಬ ಅಲ್ಲೇ ಇರಲಿ, ಅದು ಎಲ್ಲಿಗೂ ಓಡಿಹೋಗುವುದಿಲ್ಲ. ಉಳಿದ ಮೂವರ ಹೆಂಡಂದಿರೇ, ಈ ಮಾತು ನಿಮಗೆ ಎಂದೋ ತಿಳಿಯಬೇಕಿತ್ತು. ಅಳಬೇಡಿ, ಇನ್ನೂ ಯಾರೂ ಇಳಿದಿಲ್ಲ.

ಪುಟ್ಟಾ, ಇಷ್ಟು ಜನರ ಎದುರು ನಿನ್ನ ಮಾನ ತೆಗೆದೆ. ನೀನು ಎದ್ದು ಹೋಗುತ್ತಿರುವುದು ಕಾಣುತ್ತಿದೆ. ಹೋಗು. ಬದುಕಿರುವಷ್ಟು ದಿನ ನನ್ನ ಜೊತೆ ಮಾತು ಬಿಡು, ಪರವಾಗಿಲ್ಲ. ಮುದುಕನಾಗಿ, ಕೋಲೂರಿಕೊಂಡು ನನ್ನ ಬಾಗಿಲ ಮುಂದೆಯೇ ಮುಖ ತಿರುಗಿಸಿ ನಡೆದು ಹೋಗು. ನಾನು ಕಿಟಕಿಯಲ್ಲಿ ನಿಂತು ನೋಡುತ್ತೇನೆ.

ಮಾತಾಡಲು ಕರೆದವರಿಗೂ, ನಡುವೆ ಮೈಕ್ ಕಿತ್ತುಕೊಳ್ಳದೆ ಇದ್ದವರಿಗೂ ನನ್ನ ವಂದನೆಗಳು. ಚಪ್ಪಾಳೆ ಬೇಡ, ದಯವಿಟ್ಟು. ನಮಸ್ಕಾರ.