ಮೊದಲಿಗೆ ‘ಬ್ಯಾಡ’

ಶಿವಾಜಿನಗರದ ಬಸ್ ಸ್ಟ್ಯಾಂಡಿನ ಬೆಂಚಿನಲ್ಲಿ ಪಕ್ಕದಲ್ಲೇ ಧಾರವಾಡದ ಮಾತು ಕೇಳಿ ಪಂಢರಿನಾಥರು ಪತ್ರಿಕೆ ಮಡಚಿದರು. ಅತ್ತೆ, ಸೊಸೆ, ನಡುವೆ ಮೊಮ್ಮಗಳು.

“ಇಂದೂ, ಪೂರ್ವಾನ ಕೈಯಾಗಿನ ಮೊಬೈಲ್ ಕಸ್ಕೊ. ಅದಕ್ಕ ಹುಡುಗಿಗೆ ಮಾತು ಬರವಲ್ದು.”

“ಮಾತು ಬರೂದಿಲ್ಲಂತನ ಕೊಟ್ಟೇನ್ರಿ ಅತ್ತಿ. ಚಿತ್ರ ಒತ್ತಿದ್ರ ಅದು ಮಾತಾಡ್ತದ, ನನ್ನ ದನಿಯಾಗ.”

“ಮೊದಲ ಏನು ಹಾಕೀದಿ? ನಮಸ್ಕಾರನ?”

“ಇಲ್ರಿ. ‘ಬ್ಯಾಡ’.”

“ಹೆಣ್ಣಮಗಳಿಗೆ ಮೊದಲ ಇದನ್ನ ಕಲಸ್ತಾರೇನು?”

“ಇಷ್ಟು ದಿನ ಅಕೀನ್ನ ಕೇಳಲಾರದ ಎಲ್ಲಾರೂ ಎತ್ತಿದ್ರಿ, ತಿನಿಸಿದ್ರಿ, ಗಲ್ಲಾ ಹಿಂಡಿದ್ರಿ. ಹೂಂ, ಇದನ್ನ ಕಲಸ್ತೀನಿ.”

ಬಸ್ ಬಂತು. ಅತ್ತೆ ಮೊಮ್ಮಗಳನ್ನು ಎತ್ತಿಕೊಳ್ಳಲು ಬಾಗಿದರು. ಪೂರ್ವಾ ಮೊಬೈಲ್ ಒತ್ತಿದಳು.

“ಬ್ಯಾಡ,” ಎಂದಿತು ಇಂದೂಳ ದನಿ.

ಅತ್ತೆಯ ಕೈ ಹಿಂದೆ ಸರಿಯಿತು. ಪೂರ್ವಾ ಕಂಬಿ ಹಿಡಿದು ತಾನೇ ಮೆಟ್ಟಿಲು ಹತ್ತಿದಳು. ನೆರವಿಗೆಂದು ಅರ್ಧ ಎದ್ದಿದ್ದ ಪಂಢರಿನಾಥರೂ ಸುಮ್ಮನೆ ಕೂತರು.